ಏಳಗಸಿಯ ನಕಾಶೆಯಲ್ಲಿ ಒಂದು ದೀಪ

"ರೋಹಿಣಿ, ನಮ್ಮ ತಮನ್ನಾ ನಿಮ್ಮನ್ಯಾಗ ಅದಾಳೇನು?"

ನಡುಗೋಡೆಯ ಆಚೆಯಿಂದ ರೂಬಿನಾ ಹೀಗೆ ಕೇಳಿದಾಗ ಮಧ್ಯಾಹ್ನ ಎರಡು ದಾಟಿತ್ತು. ರೋಹಿಣಿ ಕಿಟಕಿಯ ಬಾಜೂ ಮೇಜಿಗೆ ಬಗ್ಗಿ, ಒಂದು ಗೋಪುರದ ತುದಿಗೆ ಕೆಂಪು ಹಚ್ಚುತ್ತಿದ್ದಳು. ತಲೆ ಎತ್ತದೆಯೇ ಅಂದಳು, "ಇಲ್ಲಲಾ, ಬಂದಿಲ್ಲ. ಕೃಷ್ಣಾನ ಮನಿಗಿ ಹೋಗಿರಬೇಕು ನೋಡು."

ಆಗ ಅವಳಿಗೆ ಭಯವೇನೂ ಆಗಲಿಲ್ಲ. ಯರಗುಪ್ಪಿಯ ಆ ಓಣಿಯಲ್ಲಿ ಒಂಬತ್ತು ವರ್ಷದ ಹುಡುಗಿ ಕಾಣಿಸಲಿಲ್ಲವೆಂದರೆ ಯಾರದೋ ಪಡಸಾಲೆಯಲ್ಲಿ ಶೇಂಗಾ ತಿನ್ನುತ್ತ ಕೂತಿದ್ದಾಳೆ ಎಂದೇ ಅರ್ಥ. ಶನಿವಾರ ಬೇರೆ, ಮುಂಜಾನೆಯ ಸಾಲೆ. ಹನ್ನೊಂದೂವರೆಗೆ ಮನೆಗೆ ಬಂದು, ಉಂಡು, ಕೈ ತೊಳೆದದ್ದೇ ತಡ, "ರೋಹಿಣಿ ಕಾಕು ಮನಿಗಿ ಹೊಂಟೆ" ಎಂದು ಓಡುವುದು ತಮನ್ನಾಳ ವಾರವಾರದ ರೂಢಿ.

"ಕೃಷ್ಣಾನ ಮನಿ ನೋಡಿ ಬಂದೆ. ಸುಮಂಗಲಾ ಟೀಚರ್ ಮನಿನೂ ನೋಡಿದೆ. ನನ್ನ ಹಳೇ ಫೋನ್ ಒಯ್ದಾಳ, ಹಚ್ಚಿದ್ರ ಗಂಟಿ ಬಡ್ಕೋತೈತಿ, ಎತ್ತವಲ್ಲಳು." ರೂಬಿನಾಳ ಧ್ವನಿ ಒಂದು ಮೆಟ್ಟಿಲು ಏರಿತು. "ಗ್ವಾಡಿಮ್ಯಾಲ ಹಚ್ಚಿದ್ದಳಲ್ಲ, ನೀ ಕೊಟ್ಟ ನಕಾಶಿ? ಅದೂ ಇಲ್ಲ."

ರೋಹಿಣಿಯ ಕುಂಚ ಗೋಪುರದ ಗೆರೆ ದಾಟಿ ಆಚೆ ಹೋಯಿತು.

ಆ ನಕಾಶೆ ಏಳಗಸಿಯದು. ಏಳಗಸಿ ಎಂಬ ಊರು ಯಾವ ತಾಲೂಕಿನಲ್ಲೂ ಇಲ್ಲ. ಏಳು ಅಗಸಿ ಬಾಗಿಲುಗಳಿರುವ, ಕುದುರೆಗಳು ಅಂಗಡಿ ಇಟ್ಟಿರುವ, ಕೆರೆಯ ಮೀನುಗಳು ಚೀಲ ಹಿಡಿದು ಸಂತೆಗೆ ಬರುವ ಆ ಊರನ್ನು ರೋಹಿಣಿಯೇ ಹುಟ್ಟಿಸಿದ್ದಳು. ಹುಬ್ಬಳ್ಳಿಯಲ್ಲಿ ಮಕ್ಕಳ ಆಟದ ಡಬ್ಬಿ ತಯಾರಿಸುವವರೊಬ್ಬರು ಅವಳ ಚಿತ್ರಗಳನ್ನು ಫೋನಿನಲ್ಲಿ ಕಂಡು, "ಒಂದು ಸುಳ್ಳೂರಿನ ನಕಾಶೆ ಬರೆದು ಕೊಡ್ರಿ, ಮಕ್ಕಳು ಅದರ ಮೇಲೆ ದಾಳ ಹಾಕಿ ಆಡಬೇಕು" ಎಂದು ಕೇಳಿದ್ದರು. ಗಂಡ ಹೇಮಂತ ಮುಂಜಾನೆ ಬಸ್ಸಿನ ಡ್ಯೂಟಿಗೆ ಹೋದರೆ ರಾತ್ರಿಯೇ ಬರುವವನು. ಮನೆಯಲ್ಲಿ ಉಳಿಯುವವರು ಅವಳು, ಅತ್ತೆ ಕಸ್ತೂರೆವ್ವ. ಹಾಗಾಗಿ ಮೂರು ತಿಂಗಳಿಂದ ಆ ಮೇಜಿನ ಮೇಲೆ ಏಳಗಸಿ ದಿನದಿನಕ್ಕೆ ಬೆಳೆಯುತ್ತಿತ್ತು.

ಅವಳಿಗೆ ಚಿತ್ರ ಯಾರೂ ಕಲಿಸಿದ್ದಲ್ಲ. ತವರು ಕಲಘಟಗಿ. ಅಪ್ಪ ಗಂಗಪ್ಪ ತೊಟ್ಟಿಲಿಗೆ ಬಣ್ಣ ಬರೆಯುವವನು. ತೊಟ್ಟಿಲ ಹಲಗೆಯ ಮೇಲೆ ಅವನು ಕೊಳವನ್ನು ಆಕಾಶದಿಂದ ಕಂಡಂತೆ ಚೌಕವಾಗಿ ಬರೆಯುತ್ತಿದ್ದ. ಒಳಗಿನ ಮೀನು ಮಾತ್ರ ಪಕ್ಕದಿಂದ ಕಂಡಂತೆ. ದಂಡೆಯ ಗಿಡಗಳು ನಾಲ್ಕೂ ಕಡೆ ತಲೆ ಹೊರಗೆ ಹಾಕಿ ಮಲಗಿರುತ್ತಿದ್ದವು. "ಹಿಂಗ್ಯಾಕಪ್ಪಾ?" ಎಂದು ಸಣ್ಣವಳಿದ್ದಾಗ ಕೇಳಿದ್ದಕ್ಕೆ, "ತೊಟ್ಟಿಲ ಸುತ್ತ ನಾಕ ಮಂದಿ ನಿಂತಿರ್ತಾರವ್ವಾ. ನಾಕೂ ಮಂದಿಗೆ ಒಂದೊಂದ ಗಿಡರ ನೆಟ್ಟಗ ಕಾಣಬೇಕಲ್ಲ?" ಎಂದಿದ್ದ. ರೋಹಿಣಿಗೆ ಅಷ್ಟೇ ಪಾಠ. ಏಳಗಸಿಯ ಓಣಿಗಳು ಮೇಲಿನಿಂದ ಕಂಡಂತೆ, ಮನೆಗಳು ಎದುರಿನಿಂದ, ನೆಲದೊಳಗಿನದೆಲ್ಲ ಕುಂಬಳಕಾಯಿ ಹೋಳು ಮಾಡಿದಂತೆ ಅಡ್ಡ ಸೀಳಿ.

ಓಣಿಗಳ ಎಲುಬು ಮಾತ್ರ ಯರಗುಪ್ಪಿಯದೇ. ತಮನ್ನಾಳ ಅಪ್ಪ ಇನಾಯತ್ ಹೊಲ, ಮನೆಜಾಗ ಅಳೆಯುವ ಮೋಜಣಿದಾರ. ಪ್ರಿಂಟು ಕೆಟ್ಟು ಬಿಸಾಡಬೇಕೆಂದಿದ್ದ ಊರಿನ ನಕಾಶೆಯ ಹಾಳೆಯೊಂದನ್ನು ಅವನೇ ಕೊಟ್ಟಿದ್ದ. ರೋಹಿಣಿ ಅದರ ಮೇಲೆ ತೆಳು ಕಾಗದವಿಟ್ಟು ಓಣಿಗಳನ್ನಷ್ಟೇ ಎತ್ತಿಕೊಂಡಳು. ಅಂದರೆ ಊರು ಸುಳ್ಳು, ದಾರಿ ಖರೆ. ಆ ನಕಾಶೆ ಹಿಡಿದು ಯರಗುಪ್ಪಿಯಲ್ಲಿ ನಡೆಯಬಹುದಿತ್ತು. ಅದು ರೋಹಿಣಿಗೆ ಹೊಳೆದದ್ದು ಈಗ, ಕುಂಚ ಕೆಳಗಿಟ್ಟ ಮೇಲೆ.

ಜೊತೆಗೆ ಗುರುವಾರ ಸಂಜೆಯ ಮಾತೂ ನೆನಪಾಯಿತು.

ಅಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಇನಾಯತ್ ನಕಾಶೆಯನ್ನು ಅತ್ತಿತ್ತ ತಿರುಗಿಸಿ ನೋಡಿದ್ದ. "ಅಲ್ರಿ ವೈನಿ, ಓಣಿ ನೋಡೂ ಮುಂದ ನಾ ಹದ್ದಾಗಿ ಮ್ಯಾಲ ಹಾರಾಕತ್ತಿರತೀನಿ. ಮನಿ ನೋಡೂ ಮುಂದ ಅಂಗಳದಾಗ ನಿಂತಿರತೀನಿ. ಈ ಹಗೇವು ನೋಡೂ ಮುಂದ ಇಲಿಯಾಗಿ ಮಣ್ಣಾಗ ಹೊಕ್ಕಿರತೀನಿ. ಒಂದ ಹಾಳಿಮ್ಯಾಲ ಎಷ್ಟ ಸಲ ಸತ್ತು ಎಷ್ಟ ಸಲ ಹುಟ್ಟಲಿ?"

"ನಿಮ್ಮ ನಕಾಶ್ಯಾಗ ಊರಿಗೆ ಊರ ಮಕಾಡೆ ಬಿದ್ದಿರತೈತಿ," ಎಂದು ರೋಹಿಣಿಯೂ ಬಿಟ್ಟಿರಲಿಲ್ಲ. "ಬರೇ ಮಾಳಗಿ. ಯಾರ ಬಾಗಲಾ ಯಾವ ಬಣ್ಣ ಅಂತರ ತಿಳೀತೈತೇನು?"

ಕಸ್ತೂರೆವ್ವ ನಕ್ಕು ಎಲೆಯಡಿಕೆ ಉಗುಳಲು ಎದ್ದುಹೋಗಿದ್ದಳು. ಇನಾಯತ್ ಮಾತ್ರ ಹಗೇವಿನ ಮೇಲೇ ಬೆರಳಿಟ್ಟಿದ್ದ. ಎರೆನೆಲದ ಊರುಗಳಲ್ಲಿ ಹಿಂದೆ ಜೋಳವನ್ನು ಇಡುತ್ತಿದ್ದುದೇ ಹಗೇವಿನಲ್ಲಿ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಗಡಿಗೆಯಂತೆ ಉಬ್ಬಿದ ಹೊಟ್ಟೆ. ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಅದರ ಮೇಲೆ ಎತ್ತು ಕಟ್ಟಬಹುದು. ಏಳಗಸಿಯಲ್ಲೂ ಒಂದು ಹಗೇವಿತ್ತು. ಸೀಳಿ ತೋರಿಸಿದ ಅದರ ದುಂಡು ಹೊಟ್ಟೆಯಲ್ಲಿ ಕಣಜದವ್ವ ಎಂಬ ಮುದುಕಿ ಕಾಲು ಚಾಚಿ ಕೂತಿದ್ದಳು. ಮಗ್ಗುಲಲ್ಲಿ ಉರಿಯುವ ಪಣತಿ. ದೀಪವಿಲ್ಲದಿದ್ದರೆ ಒಳಗೆಲ್ಲ ಕಪ್ಪು, ಮಕ್ಕಳಿಗೆ ಏನೂ ಕಾಣುವುದಿಲ್ಲ ಎಂದು ರೋಹಿಣಿಯೇ ಹಚ್ಚಿಟ್ಟ ದೀಪ.

"ಹೊಟ್ಟಿ ಹಿಂಗ ದುಂಡಗಿರತೈತಿ ಅಂತ ಯಾರ ನೋಡ್ಯಾರ?" ಎಂದಿದ್ದ ಇನಾಯತ್. "ಮ್ಯಾಲ ನಿಂತ್ರ ಒಂದ ತೂತು ಕಾಣತೈತಿ, ಅಷ್ಟ. ಇದೆಲ್ಲಾ ನಿಮ್ಮ ಸುಳ್ಳು."

"ಒಳಗ ಇಳದವರಿಗೆ ಹಿಂಗ ಕಾಣತೈತಿ."

ತಮನ್ನಾ ಗಲ್ಲಕ್ಕೆ ಕೈಕೊಟ್ಟು ಇಬ್ಬರ ಬಾಯನ್ನೂ ನೋಡುತ್ತಿದ್ದಳು. "ಖರೇನ ಕಾಕು? ಹಿಂಗಽ ದುಂಡಗ?"

"ಖರೇನ. ಇಳದ ನೋಡಿದ್ರ ನಿಮ್ಮಪ್ಪಗೂ ತಿಳೀತೈತಿ."

ಇಳದ ನೋಡಿದ್ರ. ಈಗ ಆ ಎರಡು ಶಬ್ದ ರೋಹಿಣಿಯ ಎದೆಯ ಮೇಲೆ ಕಲ್ಲಿನಂತೆ ಕೂತವು. ಅವಳು ಎದ್ದು ನಿಂತಳು. "ಅತ್ತೀ," ಎಂದಳು, "ನಮ್ಮೂರಾಗ ಈಗ ಯಾವದರ ಹಗೇವು ತಗದದ್ದು ಐತೇನು?"

ಕಸ್ತೂರೆವ್ವ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಎಲ್ಲಾ ಮುಚ್ಚಿ ಹೋದ್ವಲ್ಲ. ಶಂಭುಲಿಂಗಪ್ಪನ ಹಳೇ ವಾಡೇದ್ದು ಒಂದ... ಅದಕ್ಕ ಮಣ್ಣ ತುಂಬತೀನಿ ಅಂತ ಮೊನ್ನೆ ಕಲ್ಲ ಎತ್ತಿಸ್ಯಾನ. ಸೋಮವಾರ ಗರಸಿನ ಟ್ರ್ಯಾಕ್ಟರ್ ಬರತಾವಂತ. ಯಾಕ?" ಕೇಳುತ್ತ ಕೇಳುತ್ತಲೇ ಮುದುಕಿಗೆ ಯಾಕೆಂದು ತಿಳಿಯಿತು. ಬುಟ್ಟಿಯ ಕಾಯಿ ನೆಲಕ್ಕೆ ಚೆಲ್ಲಿದವು.

ಅಷ್ಟರಲ್ಲಿ ಇನಾಯತ್‌ನ ಬೈಕು ಬಂದು ನಿಂತಿತು. ರೂಬಿನಾ ಫೋನು ಮಾಡಿ ಹೊಲದಿಂದ ಕರೆಸಿದ್ದಳು. ಪ್ಯಾಂಟಿನ ತುದಿಗೆಲ್ಲ ಎರೆಮಣ್ಣು. ಒಳಗೆ ಬಂದವನೇ, "ಎಲ್ಲಿ ಹೋಗ್ಯಾಳ್ರಿ ವೈನಿ? ನಿಮಗ ಗೊತ್ತಿರತೈತಿ. ನಿಮಗ ಎಲ್ಲಾ ಹೇಳತಾಳಕಿ," ಅಂದ.

"ಹಗೇವು ನೋಡಾಕ ಹೋಗ್ಯಾಳ ಅನಸ್ತೈತ್ರಿ. ಆ ದೀಪ ಐತಲ್ಲ ನಕಾಶ್ಯಾಗ, ಅಲ್ಲಿ..." ಎನ್ನುತ್ತ ಅವಳು ಮೇಜಿನ ಕಡೆ ಕೈ ತೋರಿಸಿದಳು.

ಇನಾಯತ್ ಮೇಜಿನ ಮೇಲಿದ್ದ ಮೂಲ ನಕಾಶೆಯ ಮೇಲೆ ಬಗ್ಗಿದ. ಹದಿನೈದು ವರ್ಷ ಮೇಲಿನಿಂದಲೇ ಊರು ನೋಡಿದ ಕಣ್ಣು ಅವನದು. ತನ್ನದೇ ಓಣಿಗಳ ಗುರುತು ಹತ್ತಲು ಎರಡು ಉಸಿರೂ ಬೇಕಾಗಲಿಲ್ಲ. ಬೆರಳು ಅಗಸಿಯಿಂದ ಹೊರಟು, ಎರಡು ಓಣಿ ದಾಟಿ, ದೀಪದ ಮೇಲೆ ನಿಂತಿತು. "ಇದು ಕೆರಿ ದಂಡಿ! ಕೆರಿ ತುಂಬೇತಿ ವೈನಿ!" ಎಂದವನೇ ಹೊರಗೋಡಿದ.

"ಅಲ್ರಿ! ಅದು ಹೊಟ್ಟಿ! ಬಾಯಿ ಅಲ್ಲಿಲ್ಲ, ಮ್ಯಾಲೈತಿ!" ಎಂದು ರೋಹಿಣಿ ಬಾಗಿಲತನಕ ಕೂಗುತ್ತ ಹೋದಳು. ಬೈಕಿನ ಸದ್ದು ಅದನ್ನು ಅರ್ಧ ನುಂಗಿತು. ರೂಬಿನಾ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಕೆರೆಯ ಕಡೆ ಓಡಿದಳು.

ತಪ್ಪು ಅವನದಲ್ಲ. ಹಾಳೆಯ ಮೇಲೆ ಕೆಳಗೆ ಎಂದರೆ ರೋಹಿಣಿಯ ನಕಾಶೆಯಲ್ಲಿ ಎರಡಾಗಿತ್ತು. ಓಣಿಗಳ ಪಾಲಿಗೆ ಕೆಳಗೆ ಎಂದರೆ ತೆಂಕಣ ದಿಕ್ಕು. ಹಗೇವಿನ ಪಾಲಿಗೆ ಕೆಳಗೆ ಎಂದರೆ ನೆಲದ ಆಳ. ಮುದುಕಿ, ದೀಪ, ಜೋಳದ ರಾಶಿ ಎಲ್ಲ ಹಿಡಿಸಬೇಕೆಂದು ಹೊಟ್ಟೆಯನ್ನು ದೊಡ್ಡದು ಬರೆದದ್ದಕ್ಕೆ ಅದು ಎರಡು ಓಣಿಗಳ ಮೇಲೆ ಮಲಗಿ, ದೀಪ ಹೋಗಿ ಕೆರೆಯ ದಂಡೆಯ ಮೇಲೆ ಕೂತಿತ್ತು. ಬಾಯಿ ಇದ್ದದ್ದು ಮೇಲುಗಡೆ, ಸಣ್ಣ ಗೋಲಿಯಷ್ಟು, ಹಳೇ ವಾಡೆಯ ಜಾಗದಲ್ಲಿ. ಬರೆದವಳಿಗೆ ಅದು ಗೊತ್ತು. ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದ್ದ ತಮನ್ನಾಳಿಗೂ ಗೊತ್ತು.

"ಹಗ್ಗ ತಗೋ," ಎಂದಳು ಕಸ್ತೂರೆವ್ವ. "ಎಣ್ಣಿ ಬಾಟ್ಲಿ, ಕಡ್ಡಿಪೆಟಗಿ, ಒಂದ ಪಣತಿ. ಬಾವಿ ಬಕೀಟ. ನಡಿ."

ಮುಂಜಾನೆ ಮಳೆ ಬಿದ್ದಿತ್ತು. ಎರೆಮಣ್ಣು ಹೆಜ್ಜೆ ಹೆಜ್ಜೆಗೆ ಚಪ್ಪಲಿಗೆ ಅಂಟಿ ಕಾಲು ರಾಗಿ ಮೂಟೆಯಂತೆ ಭಾರವಾಯಿತು. ಅರ್ಧ ಓಣಿಯಲ್ಲಿ ರೋಹಿಣಿ ಚಪ್ಪಲಿ ಬಿಟ್ಟಳು. ಎಪ್ಪತ್ತು ದಾಟಿದ ಅತ್ತೆ ಹಿಂದೆ ಏದುಸಿರು ಬಿಡುತ್ತಲೇ ಮಾತಾಡುತ್ತ ಬರುತ್ತಿದ್ದಳು. ಅದು ಅವಳ ಸ್ವಭಾವ, ಹೆದರಿದಷ್ಟೂ ಮಾತು ಹೆಚ್ಚು. "ನಾ ಮದವ್ಯಾಗಿ ಬಂದ ವರ್ಷ ಇದ ಹಗೇವಿನ್ಯಾಗ ಒಬ್ಬಾಂವ ಇಳದ. ಮ್ಯಾಲ ಬರಲಿಲ್ಲ. ಅವನ್ನ ತರತೀನಿ ಅಂತ ಅವನಣ್ಣ ಇಳದ. ಅಂವನೂ ಬರಲಿಲ್ಲ. ಒಳಗ ಗಾಳಿ ಕೆಟ್ಟಿರತೈತವ್ವಾ, ವಾಸನಿನೂ ಬರಂಗಿಲ್ಲ, ಏನೂ ಬರಂಗಿಲ್ಲ, ನಿದ್ದಿ ಬಂದಂಗ ಬೀಳತಾರ. ಅದಕ್ಕ ಮೊದಲ ದೀಪ ಬಿಡಬೇಕು. ನಿನಗ ಹೇಳಿದ್ದಿಲ್ಲೇನು ನಾ? ಹೇಳಿದ್ದಿಲ್ಲೇನು?"

ಹೇಳಿದ್ದಳು. ಆ ಇಬ್ಬರ ಸಾವನ್ನು ಬಿಟ್ಟು, ದೀಪದ ಮಾತನ್ನಷ್ಟೇ ರೋಹಿಣಿ ಆಟಕ್ಕೆ ತೆಗೆದುಕೊಂಡಿದ್ದಳು. ದೀಪದ ಚೀಟಿ ಕೈಯಲ್ಲಿಲ್ಲದೆ ಹಗೇವಿಗೆ ಇಳಿದವನು ಔಟ್. ಎಷ್ಟು ಚೆಂದದ ನಿಯಮ ಎಂದು ಅಂದು ತನಗೆ ತಾನೇ ಖುಷಿಪಟ್ಟಿದ್ದಳು.

ವಾಡೆಯ ಮುಂಬಾಗಿಲಿಗೆ ಬೀಗವಿತ್ತು. ಬಾಜೂ ಸಂದಿಯಿಂದ ಹಿತ್ತಲಿಗೆ ಹೊಕ್ಕರು. ಶಂಭುಲಿಂಗಪ್ಪನ ಮನೆಯವರೆಲ್ಲ ಹೆದ್ದಾರಿಯ ಕಡೆ ಹೊಸ ಮನೆ ಕಟ್ಟಿಸಿ ಹೋಗಿ ಹತ್ತು ವರ್ಷವಾಗಿತ್ತು. ಹಿತ್ತಲ ತುಂಬ ಎದೆಮಟ್ಟದ ಕಸ. ಒದ್ದೆ ಮಣ್ಣಿನಲ್ಲಿ ಸಣ್ಣ ಹೆಜ್ಜೆಗಳು, ಒಂದರ ಮುಂದೆ ಒಂದು, ನೆಟ್ಟಗೆ ಹೋಗಿದ್ದವು.

ಹಗೇವಿನ ಬಾಯಿಗೆ ಮುಚ್ಚಿದ್ದ ತಗಡು ಒಂದು ಬದಿಗೆ ಸರಿದಿತ್ತು. ಅದರ ಪಕ್ಕ ತಮನ್ನಾಳ ಹಸಿರು ಚಪ್ಪಲಿ, ಎರಡೂ ಜೋಡಿಸಿ ಬಿಟ್ಟದ್ದು. ಗಾಳಿಗೆ ಹಾರದಂತೆ ಕಲ್ಲು ಹೇರಿದ ಏಳಗಸಿಯ ನಕಾಶೆ.

ಹಗೇವಿನೊಳಗಿನಿಂದ ಬೆಳಕು ಬರುತ್ತಿತ್ತು.

ರೋಹಿಣಿ ನೆಲಕ್ಕೆ ಬೋರಲು ಮಲಗಿ ಹಗೇವಿನ ಬಾಯಿಗೆ ತಲೆ ಹಾಕಿದಳು. ಕುತ್ತಿಗೆಯ ಗೋಡೆಯಲ್ಲಿ ಕಾಲಿಡಲು ಕೊರೆದ ಮೆಟ್ಟುಗಳು. ಎರಡಾಳಿಗಿಂತ ಹೆಚ್ಚು ಕೆಳಗೆ, ನೆಲದ ಮೇಲೆ, ಫೋನಿನ ಟಾರ್ಚು ಮೇಲ್ಮುಖವಾಗಿ ಉರಿಯುತ್ತಿತ್ತು. ಅದರ ಸುತ್ತ ಕಪ್ಪುಗಟ್ಟಿದ ಹಳೆಯ ಜೋಳ. ಬೆಳಕು ಒಂದಿಷ್ಟೂ ಅಲುಗುತ್ತಿರಲಿಲ್ಲ.

"ತಮನ್ನಾ! ತಮನ್ನಾ, ನನ್ನವ್ವಾ!"

ದನಿ ಒಳಗೆ ಹೋಗಿ, ದುಂಡಗೆ ಸುತ್ತಿ, ಅವಳ ಮುಖಕ್ಕೇ ಬಂದು ಹೊಡೆಯಿತು. ಹೌದು, ಹೊಟ್ಟೆ ದುಂಡಗಿತ್ತು. ಅವಳು ಬರೆದಂತೆಯೇ. ಆದರೆ ಬರೆದಾಗ ಎಲ್ಲ ಕಾಣುತ್ತಿತ್ತು: ಮುದುಕಿ, ರಾಶಿ, ಮೂಲೆಯ ಗಡಿಗೆ. ಇಲ್ಲಿ ಬಾಯಿಯಿಂದ ಕಾಣುವುದು ತಳದಲ್ಲಿ ಹಿಟ್ಟು ನಾದುವ ಪರಾತದಷ್ಟು ನೆಲ, ಅದರ ನಡುವೆ ಫೋನು. ಉಬ್ಬಿದ ಹೊಟ್ಟೆ ಸುತ್ತಲೂ ಹಿಂದಕ್ಕೆ ಸರಿದುಕೊಂಡಿತ್ತು. ಅಲ್ಲಿ ಏನಿದೆ, ಯಾರು ಮಲಗಿದ್ದಾರೆ, ಮೇಲಿನವರಿಗೆ ಕಾಣುವ ಬಗೆಯೇ ಇಲ್ಲ. ಮ್ಯಾಲ ನಿಂತ್ರ ಒಂದ ತೂತು ಕಾಣತೈತಿ, ಅಷ್ಟ ಎಂದು ಇನಾಯತ್ ಹೇಳಿದ್ದು ನೂರಕ್ಕೆ ನೂರು ಖರೆ.

"ಬೆಳಕ ಐತಲ್ಲ ಅತ್ತೀ," ಅವಳಿಗೆ ತನ್ನ ದನಿ ಯಾರದೋ ಎನ್ನಿಸಿತು. "ದೀಪ ಉರಿಯಾಕತ್ತೈತಲ್ಲ. ಗಾಳಿ ಐತಿ ಅಂತಲ್ಲ?"

"ಅದು ದೀಪೇನು?" ಮುದುಕಿ ಗದರಿದಳು. "ಅದು ಉಸರಾಡತೈತೇನು? ಸರಿ ಆಕಡೆ!"

ಕಸ್ತೂರೆವ್ವ ಗೀರಿದ ಕಡ್ಡಿ ನಾಲ್ಕು ಮುರಿದವು. ಐದನೆಯದು ಹೊತ್ತಿತು. ಪಣತಿಯನ್ನು ಬಕೆಟ್ಟಿನಲ್ಲಿಟ್ಟು ಹಗ್ಗ ಬಿಟ್ಟಳು. ಮೊಳ, ಎರಡು ಮೊಳ. ಉರಿ ನೆಟ್ಟಗಿತ್ತು. ಮೂರು ಮೊಳಕ್ಕೆ ಉರಿ ಸಣ್ಣಗಾಗಿ ಬತ್ತಿಯಿಂದ ಎದ್ದು ನಿಂತಂತಾಯಿತು. ನಾಲ್ಕನೆಯ ಮೊಳಕ್ಕೆ, ಯಾರೋ ಎರಡು ಬೆರಳಿನಿಂದ ಚಿವುಟಿದಂತೆ, ಆರಿತು. ಕೆಳಗೆ ಫೋನಿನ ಬೆಳಕು ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ಅದು ಗಂಟೆ ಬಾರಿಸತೊಡಗಿತು.

ಕೆರೆಯ ದಂಡೆಯಲ್ಲಿ ನಿಂತು ರೂಬಿನಾ ಫೋನು ಹಚ್ಚುತ್ತಿದ್ದಳು. ಹಗೇವಿನ ತಳದಲ್ಲಿ ತಮನ್ನಾ ತಾನೇ ಆರಿಸಿ ಹಾಕಿದ್ದ ಕೋಗಿಲೆಯ ಕೂಗು ಎದ್ದಿತು. ಕೂ, ಕೂ. ನಿಂತಿತು. ಮತ್ತೆ ಕೂ, ಕೂ. ರೋಹಿಣಿ ಎರಡೂ ಕಿವಿ ಮುಚ್ಚಿಕೊಂಡಳು. ಕಿವಿ ಮುಚ್ಚಿದರೂ ಕೇಳಿಸಿತು. ಆ ಮಗು ಅಲ್ಲಿ, ಕಾಣದ ಕಡೆ, ಪರಾತದಷ್ಟು ಬೆಳಕಿನ ಆಚೆ ಮಲಗಿದೆ, ಕೈಗೆಟಕುವ ಫೋನಿನಲ್ಲಿ ತಾಯಿ ಕರೆಯುತ್ತಿದ್ದಾಳೆ ಎಂದು ಒಂದು ಚಿತ್ರ ಅವಳ ಕಣ್ಣಿಗೆ ಕಟ್ಟಿತು. ಸೀಳಿದ ಕುಂಬಳಕಾಯಿಯಂತೆ ಎಲ್ಲ ಕಾಣುವ ಚಿತ್ರ. ಅದನ್ನೂ ತಾನೇ ಬರೆದ ಹಾಗಿತ್ತು.

"ವೈನೀ!"

ಕೆರೆಯಲ್ಲಿ ಯಾರೂ ಕಾಣದೆ, ಅವಳು ಬಾಗಿಲಲ್ಲಿ ಕೂಗಿದ್ದು ತಡವಾಗಿ ತಲೆಗೆ ಹತ್ತಿ, ಇನಾಯತ್ ಓಡಿ ಬಂದಿದ್ದ. ಹಸಿರು ಚಪ್ಪಲಿ ಕಂಡ. ಒಳಗಿನ ಕೋಗಿಲೆ ಕೇಳಿದ. ಒಂದು ಮಾತೂ ಆಡದೆ ಹಗೇವಿನ ಬಾಯಿಗೆ ಕಾಲಿಳಿಬಿಟ್ಟ.

"ಇನಾಯತ್ಯಾ, ಬ್ಯಾಡೋ! ದೀಪ ಆರೇತಿ!" ಕಸ್ತೂರೆವ್ವ ಅವನ ಅಂಗಿ ಹಿಡಿದಳು. ಅಂಗಿ ಹರಿಯಿತು.

ರೋಹಿಣಿ ಹಿಂದಿನಿಂದ ಬಿದ್ದು ಅವನ ಎರಡೂ ಕಂಕುಳಲ್ಲಿ ಕೈಹಾಕಿ ತಬ್ಬಿಕೊಂಡಳು. ಇಷ್ಟು ವರ್ಷ ವೈನಿ ವೈನಿ ಎನ್ನುತ್ತ ಎರಡು ಮಾರು ದೂರ ನಿಂತು ಮಾತಾಡಿದ ಮನುಷ್ಯ. ಅವನ ಬೆವರು ಅವಳ ಕೆನ್ನೆಗೆ ಹತ್ತಿತು. ಸೊಂಟದವರೆಗೆ ಒಳಗಿದ್ದ ಅವನು ಕಾಲಿನಿಂದ ಮೆಟ್ಟು ಹುಡುಕುತ್ತಿದ್ದ.

"ಬಿಡ್ರಿ. ವೈನಿ, ಬಿಡ್ರಿ. ನನ್ನ ಮಗಳದಾಳ ಒಳಗ."

"ಇಳದ್ರ ನೀವೂ ಬರಂಗಿಲ್ರಿ."

"ಬರಲಿಕ್ಕಂದ್ರ ಬ್ಯಾಡ! ಬಿಡ!" ಮೊದಲ ಸಲ ಅವನು ಅವಳಿಗೆ ರೀ ಬಿಟ್ಟು ಮಾತಾಡಿದ್ದ. "ನೀನ ಹೇಳಿದಿ, ಇಳದ ನೋಡಂತ! ನೀನ ಹೇಳಿದಿ!"

ಹೌದು, ಅವಳೇ. ಒಳಗೆ ಮಗುವಿದ್ದರೆ, ಉಸಿರು ಇನ್ನೊಂದಿಷ್ಟು ಉಳಿದಿದ್ದರೆ, ಈಗ ಆ ಉಸಿರನ್ನು ತಡೆದು ಹಿಡಿದಿರುವವಳೂ ಅವಳೇ. ಬಿಟ್ಟರೆ ಇವನೂ ಹೋಗುತ್ತಾನೆ. ಬಿಡದಿದ್ದರೆ? ಕೈ ಮಾತ್ರ ಬಿಡಲಿಲ್ಲ. ಅವನು ಮೊಣಕೈಯಿಂದ ಅವಳ ಬಾಯಿಗೆ ತಿವಿದ. ತುಟಿ ಒಡೆದು ಉಪ್ಪು ರುಚಿ ಹತ್ತಿತು. ಕಸ್ತೂರೆವ್ವ "ಯಾರರ ಬರ್ರೋ! ಯಾರರ ಬರ್ರೋ!" ಎಂದು ಬಾಯಿ ಬಡಿದುಕೊಳ್ಳುತ್ತ ಹಗ್ಗವನ್ನು ಇನಾಯತ್‌ನ ಎದೆಗೆ ಸುತ್ತತೊಡಗಿದ್ದಳು. ಹೋಗುವವನೇ ಆದರೆ ಎಳೆಯಲಾದರೂ ಒಂದು ಹಗ್ಗವಿರಲಿ ಎಂದು.

ಕೆಳಗೆ ಕೋಗಿಲೆ ಕೂಗುತ್ತಲೇ ಇತ್ತು.

"ಅಬ್ಬಾ... ಏನ ಮಾಡಾಕತ್ತೀರಿ?"

ಮೂವರೂ ತಲೆ ಎತ್ತಿದರು. ದನಿ ಬಂದದ್ದು ಕೆಳಗಿನಿಂದಲ್ಲ.

ಹಿತ್ತಲ ಹಿಂದಿನ ಗೋಡೆ ಬಿದ್ದಿದ್ದ ಕಡೆ, ಕಲ್ಲುಗಳ ನಡುವೆ, ತಮನ್ನಾ ನಿಂತಿದ್ದಳು. ಬರಿಗಾಲು. ಒಂದು ಅಂಗೈಯಲ್ಲಿ ಪಣತಿ, ಇನ್ನೊಂದು ಅಂಗೈ ಅದಕ್ಕೆ ಮರೆ. ಗಾಳಿಗೆ ಆರದಂತೆ ಅವಳು ಒಂದೊಂದೇ ಹೆಜ್ಜೆ ಇಡುತ್ತ ಬಂದಿದ್ದಳು. ಹಗಲ ಬೆಳಕಿನಲ್ಲಿ ಆ ಉರಿ ಇದ್ದೂ ಇಲ್ಲದಂತೆ ಕಾಣುತ್ತಿತ್ತು.

"ನಿಮ್ಮನಿಗೇ ಹೋಗಿದ್ನಿ ಕಾಕು," ಅಂದಳು, ಮೂವರ ಮುಖ ಕಂಡು ಈಗ ಅಳು ಬರಬೇಕೋ ಬೇಡವೋ ತಿಳಿಯದೆ. "ಯಾರೂ ಇದ್ದಿದ್ದಿಲ್ಲ. ದೇವರ ಜಗಲಿಮ್ಯಾಲಿಂದ ದೀಪ ತಗೊಂಡೆ. ಆಯೀ, ಸಿಟ್ಟಿಗೇಳಬ್ಯಾಡ, ಕೈ ತೊಳಕೊಂಡ ಮುಟ್ಟೀನಿ," ಎಂದು ಕಸ್ತೂರೆವ್ವನ ಮುಖ ನೋಡಿದಳು.

ಇನಾಯತ್ ಹಗೇವಿನ ಬಾಯಿಯ ಅಂಚು ಹಿಡಿದು ಮೇಲೆ ಬರಲು ನೋಡಿದ. ಆಗಲಿಲ್ಲ. ಇಬ್ಬರು ಹೆಂಗಸರು ಜೋಳದ ಚೀಲದಂತೆ ಅವನನ್ನು ಎಳೆದು ಹಾಕಿದರು.

"ಫೋನಿಗೆ ದಾರ ಕಟ್ಟಿ ಬಿಟ್ಟಿದ್ನಿ, ಹೊಟ್ಟಿ ದುಂಡಗೈತೋ ಇಲ್ಲೋ ಫೋಟೋ ತಗೀಬೇಕಂತ. ದಾರ ಬಿಚ್ಚಿತು." ಹಗೇವಿನ ಕಡೆ ನೋಡಿದಳು. "ಅಮ್ಮೀ ಹೊಡೀತಾಳಂತ ಇಳದ ತರೂದಿತ್ತು. ಎರಡ ಮೆಟ್ಟ ಇಳದೂ ಇದ್ನಿ. ಆಮ್ಯಾಲೆ ನೆನಪಾತು. ದೀಪ ಇಲ್ಲದ ಇಳದ್ರ ಔಟ್ ಅಲ್ಲೇನ ಕಾಕು?"

ಎರಡು ಮೆಟ್ಟು. ನಾಲ್ಕು ಮೊಳಕ್ಕೆ ದೀಪ ಆರಿತ್ತು. ರೋಹಿಣಿ ಅಲ್ಲೇ ಕಸದಲ್ಲಿ ಕೂತಳು.

ಕಸ್ತೂರೆವ್ವನೊಬ್ಬಳೇ ಎದ್ದು ಹುಡುಗಿಯ ಕೈಯಿಂದ ಪಣತಿ ಇಸಿದುಕೊಂಡಳು. ಬೈಯಲಿಲ್ಲ. ಅವಳ ತಲೆಯನ್ನು ತನ್ನ ಸೊಂಟಕ್ಕೆ ಒತ್ತಿ ಹಿಡಿದು, "ಬಾ, ನೋಡಿಲ್ಲೆ," ಎಂದು ದೀಪವನ್ನು ಬಕೆಟ್ಟಿನಲ್ಲಿ ಇನ್ನೊಮ್ಮೆ ಇಳಿಬಿಟ್ಟಳು. ಅದು ಅಲ್ಲೇ, ಅಷ್ಟೇ ಆಳಕ್ಕೆ, ಆರಿತು. "ನೋಡಿದಿಲ್ಲ? ಈ ಆಟದಾಗ ಔಟ್ ಆದ್ರ ಇನ್ನೊಂದ ಸಲ ದಾಳ ಹಾಕಾಕ ಬರಂಗಿಲ್ಲವ್ವಾ."

ಆಗ ತಮನ್ನಾ ಅತ್ತಳು. ಇನಾಯತ್ ಹೊಡೆಯಲೂ ಇಲ್ಲ, ಎತ್ತಿಕೊಳ್ಳಲೂ ಇಲ್ಲ. ಮಣ್ಣಾದ ತನ್ನ ಎರಡು ಕೈಯಲ್ಲಿ ಮಗಳ ಎರಡು ಪಾದ ಹಿಡಿದುಕೊಂಡು ಕೂತುಬಿಟ್ಟ.

ಭಾನುವಾರ ಮುಂಜಾನೆ ಶಂಭುಲಿಂಗಪ್ಪ ಬಂದು, "ನಾ ತಗಡ ಮುಚ್ಚಿದ್ನೆಲ್ಲೋ" ಎಂದು ಹತ್ತು ಸಲ ಹೇಳಿದ. ಸೋಮವಾರದ ಟ್ರ್ಯಾಕ್ಟರು ಅಂದೇ ಬಂತು. ಫೋನು ತೆಗೆಯಲು ಯಾರೂ ಇಳಿಯಲಿಲ್ಲ. ಅದರ ಮೇಲೇ ಗರಸು ಬಿತ್ತು. ರೂಬಿನಾ ಹತ್ತು ದಿನ ರೋಹಿಣಿಯ ಜೊತೆ ಮಾತಾಡಲಿಲ್ಲ. ಹನ್ನೊಂದನೆಯ ದಿನ ನಡುಗೋಡೆಯ ಮೇಲೆ ಒಂದು ಡಬ್ಬಿ ಶಾವಿಗೆಯ ಸುರಕುಂಬಾ ಇಟ್ಟು ಹೋದಳು.

ರೋಹಿಣಿ ಅಷ್ಟೂ ದಿನ ಮೇಜಿನ ಹತ್ತಿರ ಸುಳಿದಿರಲಿಲ್ಲ. ಹುಬ್ಬಳ್ಳಿಯಿಂದ ಎರಡು ಸಲ ಫೋನು ಬಂದಾಗ ಮೈ ಸರಿಯಿಲ್ಲ ಎಂದಳು. ಯಾರದೇ ಫೋನಿನಲ್ಲಿ ಕೋಗಿಲೆ ಕೂಗಿದರೂ ಅವಳು ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ಕೊನೆಗೆ ಒಂದು ಸಂಜೆ ಕೂತು, ಹಗೇವಿನ ಹೊಟ್ಟೆಯನ್ನೆಲ್ಲ ಬಿಳಿ ಬಣ್ಣದಿಂದ ಅಳಿಸಿದಳು. ಒಂದು ಸಣ್ಣ ಸುತ್ತು ಮಾತ್ರ ಉಳಿಯಿತು, ಮೇಲಿನಿಂದ ಕಂಡಂತೆ. ನೋಡಿದರೆ ಅದು ಇನ್ನೂ ಹೆದರಿಕೆಯದಾಗಿತ್ತು. ತಿಳಿಯದವನು ಅದರ ಮೇಲೆ ಕಾಲಿಟ್ಟು ನಡೆದೇಬಿಡುತ್ತಾನೆ.

ಇನಾಯತ್ ಕೆಮ್ಮಿ ಒಳಗೆ ಬಂದ. ಕಂಕುಳಲ್ಲಿ ಊರಿನ ನಕಾಶೆಯ ಸುರುಳಿ. ಅವಳ ತುಟಿಯ ಗಾಯದ ಕಡೆ ನೋಡಿ, ಕಣ್ಣು ಕೆಳಗೆ ಹಾಕಿ, "ಆಯೀ ಎಲ್ಲಿ?" ಎಂದು ಕೇಳಿದ. "ಊರಾಗ ಎಷ್ಟ ಹಗೇವು ಅದಾವು, ಎಲ್ಲೆಲ್ಲಿ ಅಂತ ಕೇಳಬೇಕಾಗೇತಿ. ನನ್ನ ನಕಾಶ್ಯಾಗ ಒಂದೂ ಇಲ್ರಿ ವೈನಿ. ಹದಿನೈದ ವರ್ಷ ಅಳದೀನಿ. ಒಂದೂ ಇಲ್ಲ."

ಕಸ್ತೂರೆವ್ವ ಬೆರಳು ಮಡಚುತ್ತ ಮನೆಮನೆಯ ಹೆಸರು ಹೇಳಿದಳು. ಶಿವಗಂಗವ್ವನ ದನದ ಮನೆಯಲ್ಲೊಂದು, ಅಬ್ದುಲ್‌ಸಾಬನ ಗಿರಣಿಯ ಹಿಂದೊಂದು. ಅವನು ಕೆಂಪು ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋದ. ಹನ್ನೊಂದಾದವು. ಹನ್ನೆರಡನೆಯದು ಇತ್ತೆಂದು ಮುದುಕಿಗೆ ನೆನಪು, ಎಲ್ಲೆಂದು ನೆನಪಿಲ್ಲ. "ಇರ್ಲಿ ತಡಿ, ಬರತೈತಿ ನೆನಪು," ಎನ್ನುತ್ತ ಅವಳು ಅಡುಗೆಮನೆಗೆ ಹೋದಳು. ಇನಾಯತ್‌ನ ಪೆನ್ಸಿಲು ಹಾಳೆಯ ಮೇಲೆ ಎಲ್ಲಿಯೂ ಊರದೆ ನಿಂತೇ ಇತ್ತು.

ರೋಹಿಣಿ ಮತ್ತೆ ಕುಂಚ ಎತ್ತಿದಳು. ಹೊಟ್ಟೆಯನ್ನು ಮೊದಲಿನಂತೆ ದುಂಡಗೆ, ಎರಡು ಓಣಿಗಳಷ್ಟು ದೊಡ್ಡದಾಗಿ ಬರೆದು, ಒಳಗೆ ಪೂರ್ತಿ ಕಪ್ಪು ತುಂಬಿದಳು. ದೀಪವಿಲ್ಲ, ರಾಶಿಯಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಮನ್ನಾ ಕೇಳಿದಳು, ಹತ್ತಿರ ಬಾರದೆ, ಹೊಸ್ತಿಲ ಆಚೆಯಿಂದಲೇ.

"ಕಣಜದವ್ವ ಎಲ್ಲಿ ಕಾಕು?"

"ಮ್ಯಾಲ ಬಂದಾಳ."

ಹಗೇವಿನ ಬಾಯಿಯ ಪಕ್ಕ, ಕಪ್ಪಿನ ಹೊರಗೆ, ಎದುರಿನಿಂದ ಕಂಡಂತೆ ಅವಳು ಮುದುಕಿಯನ್ನು ಬರೆಯತೊಡಗಿದಳು. ಮೂಗುಬಟ್ಟು, ಎಲೆಯಡಿಕೆಯ ಬಾಯಿ, ಅತ್ತೆಯದೇ ಮುಖ. ಒಂದು ಕೈಯಲ್ಲಿ ಆರಿದ ಪಣತಿ. ಇನ್ನೊಂದು ಕೈ ಬರುವವರಿಗೆ ಅಡ್ಡ. ಆ ಅಡ್ಡಗೈ ಬರೆಯುವಾಗ ಗೆರೆ ಎಷ್ಟು ಸಲ ತಿದ್ದಿದರೂ ನೆಟ್ಟಗೆ ಬರಲಿಲ್ಲ. ಹಾಗೇ ಬಿಟ್ಟಳು.